ಮಗುವಿನ ಜ್ವರ, ಉಸಿರು, ನಾಡಿ, ತೂಕ ಅಳೆಯುವ ಸಾಧನಗಳು: ಯಾವುದಕ್ಕೆ ದುಡ್ಡು ಹಾಕಬೇಕು, ಯಾವುದಕ್ಕೆ ಬೇಡ

ಎಳೆ ಕೂಸಿರುವ ಮನೆಗೆ ನಿಜವಾಗಿ ಬೇಕಾದವು ಮೂರೇ ಮೂರು. ಕಂಕುಳಲ್ಲಿ ಇಡುವ ಸಾದಾ ಡಿಜಿಟಲ್ ಥರ್ಮಾಮೀಟರ್, ಅರವತ್ತು ಸೆಕೆಂಡಿಗೆ ಸದ್ದು ಮಾಡುವ ಯಾವುದಾದರೂ ಟೈಮರ್, ಮತ್ತು ಸರ್ಕಾರಿ ಆಸ್ಪತ್ರೆಯಲ್ಲಿ ಕೊಡುವ ತಾಯಿ ಕಾರ್ಡ್. ಹಣೆಗೆ ಹಿಡಿಯುವ ಗನ್, ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್, ಕೂಸಿನ ತೂಕದ ಯಂತ್ರ, ಬಿಪಿ ಯಂತ್ರ, ರಾತ್ರಿಯಿಡೀ ಕಾಲಿಗೆ ತೊಡಿಸುವ ಸ್ಮಾರ್ಟ್ ಕಾಲುಚೀಲ, ಇವೆಲ್ಲ ಕೆಲವು ಮನೆಗೆ ಉಪಯೋಗ, ಬಹಳಷ್ಟು ಮನೆಗೆ ಬರೀ ಗಾಬರಿ. ಮೆಡಿಕಲ್ ಶಾಪಿನಲ್ಲೂ ಆನ್‌ಲೈನಿನಲ್ಲೂ ಇವನ್ನೆಲ್ಲ ಒಂದೇ ಪೆಟ್ಟಿಗೆಯಲ್ಲಿ ತುಂಬಿ ಮಾರುತ್ತಾರೆ. ಆದರೆ ಯಾವುದನ್ನು ಯಾವಾಗ, ಯಾವ ಕ್ರಮದಲ್ಲಿ ಬಳಸಬೇಕು ಅಂತ ಪೆಟ್ಟಿಗೆಯ ಮೇಲೆ ಎಲ್ಲೂ ಬರೆದಿರುವುದಿಲ್ಲ.

ಕ್ರಮವೇ ಇಲ್ಲಿ ಮುಖ್ಯ. ಮಕ್ಕಳ ಡಾಕ್ಟರ್ ಮಗುವನ್ನು ನೋಡುವ ರೀತಿಯನ್ನು ಗಮನಿಸಿ. ಮಗು ಅಮ್ಮನ ತೊಡೆಯ ಮೇಲಿರುವಾಗಲೇ ದೂರದಿಂದ ನೋಡುತ್ತಾರೆ: ಮೈಬಣ್ಣ ಹೇಗಿದೆ, ಕಣ್ಣಲ್ಲಿ ಕಣ್ಣಿಟ್ಟು ನೋಡುತ್ತಿದೆಯೇ, ಹೊಟ್ಟೆ ಎಷ್ಟು ವೇಗವಾಗಿ ಏರಿಳಿಯುತ್ತಿದೆ. ಆಮೇಲೆ ಸ್ಟೆತಾಸ್ಕೋಪ್. ಕಿವಿಯೊಳಗೆ ಬೆಳಕು ಬಿಡುವುದು, ಗಂಟಲಿಗೆ ಚಮಚ ಒತ್ತುವುದು ಕಟ್ಟಕಡೆಗೆ. ಏಕೆಂದರೆ ಒಮ್ಮೆ ಅಳು ಶುರುವಾದರೆ ಉಸಿರಿನ ಲೆಕ್ಕ, ನಾಡಿ, ಬಿಪಿ ಮೂರೂ ಕೆಟ್ಟವು. ಮನೆಯಲ್ಲೂ ಇದೇ ಸರದಿ ಇರಲಿ: ಮೊದಲು ಉಸಿರು, ಆಮೇಲೆ ನಾಡಿ, ಆಮೇಲೆ ಜ್ವರ, ಬಟ್ಟೆ ಬಿಚ್ಚಿ ತೂಗುವುದು ಕೊನೆಗೆ. ಸಾವಿರಾರು ರೂಪಾಯಿಯ ಯಂತ್ರ ತಂದು, ಅಳುವ ಮಗುವಿಗೆ ಹಿಡಿದು, ಬಂದ ಅಂಕಿ ನೋಡಿ ಕೈಕಾಲು ಬಿಡುವವರೇ ಹೆಚ್ಚು. ಅಂಥ ಕಡೆ ಯಂತ್ರ ಸರಿಯಾಗಿಯೇ ಅಳೆದಿರುತ್ತದೆ, ಅಳೆದ ಗಳಿಗೆ ತಪ್ಪಾಗಿರುತ್ತದೆ.

ಟೈಮರ್: ಎಲ್ಲಕ್ಕಿಂತ ಅಗ್ಗ, ಎಲ್ಲಕ್ಕಿಂತ ಉಪಯುಕ್ತ

ಕೆಮ್ಮು ನೆಗಡಿ ಇರುವ ಮಗುವಿಗೆ ನ್ಯುಮೋನಿಯಾ ಇರಬಹುದೇ ಎಂದು ಮೊದಲು ಸುಳಿವು ಕೊಡುವುದು ನಿಮಿಷಕ್ಕೆ ಎಷ್ಟು ಉಸಿರು ಎಂಬ ಲೆಕ್ಕ. ವಿಶ್ವ ಆರೋಗ್ಯ ಸಂಸ್ಥೆಯ ಗೆರೆಗಳು ಹೀಗಿವೆ: ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು, ಎರಡರಿಂದ ಹನ್ನೊಂದು ತಿಂಗಳವರೆಗೆ 50 ಅಥವಾ ಹೆಚ್ಚು, ಒಂದು ವರ್ಷದಿಂದ ಐದು ವರ್ಷದೊಳಗೆ 40 ಅಥವಾ ಹೆಚ್ಚು ಇದ್ದರೆ ಅದು ವೇಗದ ಉಸಿರು. ಈ ಮೂರು ಅಂಕಿಗಳನ್ನು ತಾಯಿ ಕಾರ್ಡಿನ ಹಿಂದೆ ಬರೆದಿಟ್ಟುಕೊಳ್ಳಿ.

ಎಣಿಸುವುದು ಸುಲಭ ಅನ್ನಿಸುತ್ತದೆ, ತಪ್ಪುವುದೂ ಅಷ್ಟೇ ಸುಲಭ. ಗಡಿಯಾರದ ಮುಳ್ಳು ನೋಡುತ್ತ ಹೊಟ್ಟೆಯನ್ನೂ ನೋಡಲು ಹೋದರೆ ಎರಡು ಮೂರು ಉಸಿರು ಕಣ್ತಪ್ಪುತ್ತದೆ. ಅದಕ್ಕೇ ಗಡಿಯಾರಕ್ಕಿಂತ ಸದ್ದು ಮಾಡುವ ಟೈಮರ್ ಮೇಲು. ಯುನಿಸೆಫ್ ಆರೋಗ್ಯ ಕಾರ್ಯಕರ್ತರಿಗೆಂದೇ ಒದಗಿಸಿದ ಸಣ್ಣ ಟೈಮರ್ 30 ಸೆಕೆಂಡಿಗೆ ಒಮ್ಮೆ, 60ಕ್ಕೆ ಒಮ್ಮೆ ಸದ್ದು ಮಾಡುತ್ತದೆ. ಕೆಲಸ ಅಷ್ಟೇ. ನಿಮ್ಮ ಫೋನಿನ ಟೈಮರನ್ನು ಒಂದು ನಿಮಿಷಕ್ಕಿಟ್ಟು ಬದಿಗಿಟ್ಟರೆ ಅದೇ ಆಯಿತು. ಹೊಸದಾಗಿ ಏನೂ ಕೊಳ್ಳಬೇಕಾಗಿಲ್ಲ.

ಜುಬ್ಬವನ್ನು ಮೆಲ್ಲಗೆ ಎದೆಯವರೆಗೆ ಮೇಲೆತ್ತಿ. ಬಟ್ಟೆಯ ಮೇಲಿಂದ ಎಣಿಸಬೇಡಿ. ಕೂಸಿನ ಉಸಿರು ಎದೆಯಲ್ಲಿ ಕಾಣುವುದಕ್ಕಿಂತ ಹೊಕ್ಕುಳ ಮೇಲ್ಭಾಗದಲ್ಲಿ ಚೆನ್ನಾಗಿ ಕಾಣುತ್ತದೆ. ಹೊಟ್ಟೆ ಒಮ್ಮೆ ಏರಿ ಇಳಿದರೆ ಒಂದು. ಹಾಲು ಕುಡಿಯುವಾಗ, ಅಳುವಾಗ, ಅತ್ತು ಈಗಷ್ಟೇ ನಿಲ್ಲಿಸಿದಾಗ ಎಣಿಸಬಾರದು. ಪೂರ್ತಿ ಒಂದು ನಿಮಿಷವೇ ಎಣಿಸಬೇಕು, ಹದಿನೈದು ಸೆಕೆಂಡ್ ಎಣಿಸಿ ನಾಲ್ಕರಿಂದ ಗುಣಿಸುವ ಅಡ್ಡದಾರಿ ಮಕ್ಕಳಿಗೆ ಸಲ್ಲದು. ಎಳೆ ಕೂಸುಗಳು ಒಂದೇ ತಾಳದಲ್ಲಿ ಉಸಿರಾಡುವುದಿಲ್ಲ. ಸರಸರನೆ ಹತ್ತಾರು ಉಸಿರು, ಆಮೇಲೆ ಐದಾರು ಸೆಕೆಂಡ್ ಏನೂ ಇಲ್ಲ, ಮತ್ತೆ ಸರಸರ. ಇದು ಹುಟ್ಟಿದ ಹೊಸತರಲ್ಲಿ ಸಹಜ. ನಿಂತ ಗಳಿಗೆ ನಿಮ್ಮ ಹದಿನೈದು ಸೆಕೆಂಡಿಗೆ ಸಿಕ್ಕರೆ ಲೆಕ್ಕ ನಿಮಿಷಕ್ಕೆ 28 ಆಗುತ್ತದೆ, ಸರಸರ ಭಾಗ ಸಿಕ್ಕರೆ 68. ಎರಡೂ ಸುಳ್ಳು. ಎರಡು ತಿಂಗಳೊಳಗಿನ ಕೂಸಿಗೆ 60 ಅಥವಾ ಹೆಚ್ಚು ಬಂದರೆ ಸ್ವಲ್ಪ ಬಿಟ್ಟು ಇನ್ನೊಂದು ಸಲ ಪೂರ್ತಿ ಎಣಿಸಿ. ಎರಡನೇ ಸಲವೂ ಹಾಗೇ ಬಂದರೆ ಆಸ್ಪತ್ರೆಗೆ ಹೊರಡುವುದೇ ಸರಿ. ಉಸಿರು ಇಪ್ಪತ್ತು ಸೆಕೆಂಡಿಗೂ ಮೀರಿ ನಿಂತರೆ, ಅಥವಾ ನಿಂತಾಗ ತುಟಿ ನೀಲಿಯಾದರೆ, ಎಣಿಸುತ್ತ ಕೂರಬೇಡಿ, 108ಕ್ಕೆ ಕರೆ ಮಾಡಿ.

ಎಣಿಸುವಾಗ ಕಣ್ಣಿಗೆ ಬೀಳುವ ಬೇರೆ ಸಂಗತಿಗಳೂ ಇವೆ, ಅವನ್ನು ಯಾವ ಯಂತ್ರವೂ ಹೇಳುವುದಿಲ್ಲ. ಉಸಿರು ಒಳಗೆಳೆದಾಗ ಎದೆಗೂಡಿನ ಕೆಳ ಅಂಚು ಒಳಕ್ಕೆ ಕುಸಿಯುವ ಪಕ್ಕೆ ಎಳೆತ, ಮೂಗಿನ ಹೊಳ್ಳೆ ಅರಳುವುದು, ಉಸಿರು ಬಿಡುವಾಗ ಪ್ರತಿ ಸಲ ಹುಂ ಹುಂ ಎಂದು ನರಳಿದಂಥ ಸದ್ದು, ಉಸಿರಿನ ಜತೆಗೇ ತಲೆ ತೂಗುವುದು. ಇವುಗಳಲ್ಲಿ ಒಂದಿದ್ದರೂ ಲೆಕ್ಕ 45 ಬಂತೋ 55 ಬಂತೋ ಎಂಬ ಚರ್ಚೆಗೆ ಅರ್ಥವಿಲ್ಲ, ಆಸ್ಪತ್ರೆಗೆ ಹೊರಡಿ. ಮೂಗು ಕಟ್ಟಿ ಗೊರಗೊರ ಅನ್ನುವುದು ಬೇರೆ. ಉಪ್ಪು ನೀರಿನ ಡ್ರಾಪ್ಸ್ ಹಾಕಿ ಮೂಗು ಬಿಡಿಸಿದ ಮೇಲೂ ಪಕ್ಕೆ ಎಳೆಯುತ್ತಿದ್ದರೆ ಅದು ಮೂಗಿನ ತೊಂದರೆಯಲ್ಲ.

ಡಿಜಿಟಲ್ ಥರ್ಮಾಮೀಟರ್: ತಗೊಳ್ಳಿ, ಸಾದಾ ಸಾಕು

ಪಾದರಸದ ಥರ್ಮಾಮೀಟರ್ ಇನ್ನೂ ಕೆಲವು ಮನೆಯ ಕಪಾಟಿನಲ್ಲಿದೆ. ಪಾದರಸದ ಬಳಕೆ ತಗ್ಗಿಸಲು 2013ರಲ್ಲಿ ಆದ ಮಿನಮಾಟ ಒಪ್ಪಂದ ಅದನ್ನೂ ಕೈಬಿಡಬೇಕಾದವುಗಳ ಪಟ್ಟಿಯಲ್ಲಿ ಸೇರಿಸಿದೆ. ಮಕ್ಕಳಿರುವ ಮನೆಯಲ್ಲಿ ಅದು ಬೇಡವೇ ಬೇಡ. ಒಡೆದರೆ ಪೊರಕೆಯಲ್ಲಿ ಗುಡಿಸಬೇಡಿ, ಗುಂಡುಗಳು ಇನ್ನಷ್ಟು ಸಣ್ಣದಾಗಿ ಎಲ್ಲ ಕಡೆ ಹರಡುತ್ತವೆ. ಕಿಟಕಿ ತೆರೆದು, ಮಕ್ಕಳನ್ನು ಆಚೆ ಕಳಿಸಿ, ಗಟ್ಟಿ ಕಾಗದದಿಂದ ಒಟ್ಟುಮಾಡಿ ಮುಚ್ಚಳವಿರುವ ಬಾಟಲಿಗೆ ಹಾಕಿ.

ಸಾದಾ ಡಿಜಿಟಲ್ ಥರ್ಮಾಮೀಟರಿಗೂ ಮೂರು ಪಟ್ಟು ಬೆಲೆಯದಕ್ಕೂ ಒಳಗಿರುವ ಸೆನ್ಸರ್ ಹೆಚ್ಚುಕಡಿಮೆ ಒಂದೇ ಜಾತಿಯದು. ಸಾಮಾನ್ಯವಾಗಿ ನಿಖರತೆ 0.1 ಡಿಗ್ರಿ ಸೆಲ್ಸಿಯಸ್ ಆಚೀಚೆ. ಮೆತ್ತನೆಯ ತುದಿ ಇರುವುದಕ್ಕೆ ಸ್ವಲ್ಪ ಹೆಚ್ಚು ಕೊಟ್ಟರೆ ತಪ್ಪಿಲ್ಲ, ಮಗು ಕೊಸರಿದಾಗ ಚುಚ್ಚುವುದಿಲ್ಲ. 'ಹತ್ತೇ ಸೆಕೆಂಡಿನಲ್ಲಿ ಜ್ವರ' ಎಂಬ ಜಾಹೀರಾತಿಗೆ ಮಾತ್ರ ಮರುಳಾಗಬೇಡಿ. ಉಷ್ಣತೆ ಏರುವುದು ನಿಧಾನವಾದ ಕೂಡಲೇ ಯಂತ್ರ ಬೀಪ್ ಅನ್ನುತ್ತದೆ. ಆದರೆ ಕಂಕುಳ ಚರ್ಮ ಗಾಳಿಗೆ ತಣ್ಣಗಾಗಿದ್ದರೆ, ಒಳಗಿನ ಬಿಸಿಗೆ ಅದು ಬರಲಿಕ್ಕೇ ಒಂದೆರಡು ನಿಮಿಷ ಬೇಕು. ಹಾಗಾಗಿ ಮಗುವಿನ ತೋಳನ್ನು ಪಕ್ಕೆಗೆ ಒತ್ತಿ ಒಂದು ನಿಮಿಷ ಹಿಡಿದು ಆಮೇಲೆ ಥರ್ಮಾಮೀಟರ್ ಇಡಿ. ಬೀಪ್ ಆದ ಮೇಲೂ ಇನ್ನೊಂದು ನಿಮಿಷ ಬಿಟ್ಟು ನೋಡಿ. ಎಷ್ಟೋ ಸಲ 37.6 ಇದ್ದದ್ದು 37.9 ಆಗುತ್ತದೆ.

ಇಡುವ ಜಾಗವನ್ನು ಹತ್ತಿರದಿಂದ ನೋಡಬೇಕು. ಬೆಳ್ಳಿ ಬಣ್ಣದ ತುದಿ ಕಂಕುಳ ಗುಳಿಯ ನಟ್ಟನಡುವೆ, ಚರ್ಮ ಚರ್ಮ ಕೂಡುವಲ್ಲಿ, ಮೇಲ್ಮುಖವಾಗಿ ಕೂರಬೇಕು. ತೆಳ್ಳಗಿನ ಕೂಸುಗಳಲ್ಲಿ ಆ ತುದಿ ಗುಳಿಯನ್ನು ದಾಟಿ ಬೆನ್ನ ಹಿಂದೆ ಇಣುಕುತ್ತಿರುತ್ತದೆ. ಮುಂದೆ ಕೂತವರಿಗೆ ಎಲ್ಲ ಸರಿಯಾಗಿಯೇ ಕಾಣುತ್ತದೆ, ಯಂತ್ರ ಅಳೆಯುತ್ತಿರುವುದು ಕೋಣೆಯ ಗಾಳಿಯನ್ನು. ಜುಬ್ಬದ ತೋಳು ನಡುವೆ ಸಿಕ್ಕಿದ್ದರೂ ಅಷ್ಟೇ. ಬೆವರಿದ್ದರೆ ಮೊದಲು ಒರೆಸಿ. ಎಣ್ಣೆ ಹಚ್ಚಿ ಬಿಸಿನೀರು ಹೊಯ್ದು ಸಾಂಬ್ರಾಣಿ ಹೊಗೆ ಹಿಡಿದ ಮೇಲೆ ಕೂಸಿನ ಮೈ ಅರ್ಧ ಗಂಟೆಯಾದರೂ ಬಿಸಿ ಇರುತ್ತದೆ, ಆ ಹೊತ್ತಿನ ಅಂಕಿಯನ್ನು ಲೆಕ್ಕಕ್ಕೆ ಹಿಡಿಯಬೇಡಿ. (ಹೊಗೆ ಹಿಡಿಯುವುದೇ ಬೇಡ ಎಂಬುದು ಬೇರೆ ಮಾತು, ಎಳೆಯ ಶ್ವಾಸಕೋಶಕ್ಕೆ ಅದರಿಂದ ಒಳ್ಳೆಯದಿಲ್ಲ.)

ಕಂಕುಳಲ್ಲಿ 36.5ರಿಂದ 37.5 ಡಿಗ್ರಿ ಸೆಲ್ಸಿಯಸ್, ಅಂದರೆ 97.7ರಿಂದ 99.5 ಫ್ಯಾರನ್‌ಹೀಟ್, ಸಹಜ. 38, ಅಂದರೆ 100.4, ಮುಟ್ಟಿದರೆ ಜ್ವರ. ಆದರೆ ಎರಡು ತಿಂಗಳೊಳಗಿನ ಕೂಸಿಗೆ ಲೆಕ್ಕ ಬಿಗಿ: ಕಂಕುಳಲ್ಲಿ 37.5 ಅಥವಾ ಹೆಚ್ಚು ಬಂದರೂ, 35.5ಕ್ಕಿಂತ ಕಡಿಮೆ ಬಂದರೂ, ತಡಮಾಡದೆ ಆಸ್ಪತ್ರೆಗೆ. ಮೂರು ತಿಂಗಳು ತುಂಬುವವರೆಗೆ 38 ಬಂದರೆ ಆ ದಿನವೇ ಡಾಕ್ಟರಿಗೆ ತೋರಿಸಬೇಕು. 'ಹಲ್ಲು ಬರ್ತಿರಬೇಕು, ದೃಷ್ಟಿಯಾಗಿರಬೇಕು' ಅಂತ ಮನೆಯಲ್ಲೇ ಪ್ಯಾರಾಸಿಟಮಾಲ್ ಹಾಕಿ ಕಾಯುವ ವಯಸ್ಸಲ್ಲ ಅದು. ಟೋಪಿ, ಕಾಲುಚೀಲ, ಎರಡು ರಗ್ಗು ಸುತ್ತಿ ಮುಚ್ಚಿದ ಬಾಣಂತಿ ಕೋಣೆಯಲ್ಲಿ ಮಲಗಿಸಿದ್ದರೆ ಒಂದು ಪದರ ಬಿಚ್ಚಿ ಹದಿನೈದು ನಿಮಿಷ ಬಿಟ್ಟು ಮತ್ತೆ ಅಳೆಯಬಹುದು. ಆದರೆ ಕೂಸು ಹಾಲು ಬಿಟ್ಟಿದ್ದರೆ, ಮಂಕಾಗಿದ್ದರೆ, ಆ ಹದಿನೈದು ನಿಮಿಷವನ್ನೂ ಕಾಯಬೇಡಿ.

ತಣ್ಣಗಿರುವ ಕೂಸಿನ ಬಗ್ಗೆ ನಮ್ಮಲ್ಲಿ ಯಾರೂ ಅಷ್ಟು ಹೆದರುವುದಿಲ್ಲ, ಹೆದರಬೇಕು. ನವಜಾತ ಕೂಸಿನ ಸೋಂಕು ಜ್ವರವಾಗಿ ಬರದೆ ಮೈ ತಣ್ಣಗಾಗುವುದರಿಂದಲೂ ಗೊತ್ತಾಗುತ್ತದೆ. ಪಾದ ತಣ್ಣಗಿದ್ದು ಹೊಟ್ಟೆ ಬೆಚ್ಚಗಿದ್ದರೆ ಚಳಿಗೆ ಸೋಲುತ್ತಿದೆ, ಹೊಟ್ಟೆಯೂ ತಣ್ಣಗಿದ್ದರೆ ಗಂಭೀರ. 36.5ಕ್ಕಿಂತ ಕೆಳಗೆ ಬಂದ ಕೂಡಲೇ ಕೂಸನ್ನು ಅಮ್ಮನ ಎದೆಗೆ ಚರ್ಮಕ್ಕೆ ಚರ್ಮ ತಾಗುವಂತೆ ಅಪ್ಪಿಸಿ ಮೇಲೆ ಹೊದಿಸಿ, ಅರ್ಧ ಗಂಟೆ ಬಿಟ್ಟು ಮತ್ತೆ ಅಳೆಯಿರಿ.

ಯಂತ್ರ ಸರಿಯಿದೆಯೇ ಎಂದು ಐಸ್ ನೀರಿನಲ್ಲಿ ಅದ್ದಿ ನೋಡುವವರಿದ್ದಾರೆ, ಅದರಿಂದ ಪ್ರಯೋಜನವಿಲ್ಲ. ಈ ಥರ್ಮಾಮೀಟರುಗಳು ಸಾಮಾನ್ಯವಾಗಿ 32 ಡಿಗ್ರಿಗಿಂತ ಕೆಳಗೆ ಅಂಕಿಯನ್ನೇ ತೋರಿಸುವುದಿಲ್ಲ. ಮೈ ಬಿಸಿಯಷ್ಟೇ ಬಿಸಿಯಿರುವ ಒಂದು ಲೋಟ ನೀರಿನಲ್ಲಿ ಎರಡು ಥರ್ಮಾಮೀಟರುಗಳ ತುದಿ ಒಟ್ಟಿಗೆ ಅದ್ದಿ, ಎರಡಕ್ಕೂ 0.2 ಡಿಗ್ರಿಗಿಂತ ಹೆಚ್ಚು ವ್ಯತ್ಯಾಸ ಬಂದರೆ ಒಂದು ಕೆಟ್ಟಿದೆ ಎಂದರ್ಥ. ಅಂಕಿ ಮಸುಕಾಗತೊಡಗಿದರೆ ಬ್ಯಾಟರಿ ಬದಲಿಸಿ.

ಹಣೆಯ ಗನ್ ಮತ್ತು ಕಿವಿಯ ಥರ್ಮಾಮೀಟರ್

ಕೋವಿಡ್ ಕಾಲದಲ್ಲಿ ಪ್ರತಿ ಬಾಗಿಲಲ್ಲೂ ಕಂಡ ಹಣೆಯ ಗನ್ ಅಳೆಯುವುದು ಚರ್ಮದಿಂದ ಹೊಮ್ಮುವ ಇನ್‌ಫ್ರಾರೆಡ್ ಕಿರಣವನ್ನು. ಅದರಿಂದ ಒಳಗಿನ ಉಷ್ಣತೆಯನ್ನು ಅಂದಾಜು ಮಾಡುತ್ತದೆ. ಮಲಗಿದ ಮಗುವನ್ನು ಎಬ್ಬಿಸದೆ ನೋಡಬಹುದು, ಅದಕ್ಕಷ್ಟೇ ನಮ್ಮ ಮೆಚ್ಚುಗೆ. ಹಣೆಯಲ್ಲಿ ಬೆವರಿದ್ದರೆ, ಫ್ಯಾನಿನ ಗಾಳಿ ನೇರ ಬೀಳುತ್ತಿದ್ದರೆ, ಒದ್ದೆ ಬಟ್ಟೆ ಹಾಕಿದ್ದರೆ ಕಡಿಮೆ ತೋರಿಸುತ್ತದೆ. ಬಿಸಿಲಿನಿಂದ ಬಂದಿದ್ದರೆ ಹೆಚ್ಚು. ದೃಷ್ಟಿಬೊಟ್ಟಿನ ಮೇಲೆ, ಕೂದಲಿನ ಮೇಲೆ, ಹರಳೆಣ್ಣೆ ಒತ್ತಿದ ನೆತ್ತಿಯ ಬಳಿ ಹಿಡಿಯಬಾರದು. ಎಷ್ಟು ದೂರ ಹಿಡಿಯಬೇಕು ಎಂಬುದು ಒಂದೊಂದು ಮಾದರಿಗೆ ಒಂದೊಂದು, ಕೆಲವು ಸೆಂಟಿಮೀಟರ್ ವ್ಯತ್ಯಾಸವೂ ಅಂಕಿಯನ್ನು ಬದಲಿಸುತ್ತದೆ. ಇನ್ನೊಂದು ತೊಡಕು: ಎಷ್ಟೋ ಗನ್‌ಗಳಲ್ಲಿ ಮೈಗೆ ಒಂದು, ಹಾಲಿನ ಬಾಟಲಿ ಅಥವಾ ನೀರಿಗೆ ಇನ್ನೊಂದು ಎಂದು ಎರಡು ಮೋಡ್ ಇರುತ್ತವೆ. ತಪ್ಪಿ ಎರಡನೆಯದರಲ್ಲಿದ್ದರೆ ಸುಡುವ ಮಗುವಿಗೂ 34, 35 ಎಂದು ತೋರಿಸುತ್ತದೆ. ಒಂದು ವರ್ಷ ದಾಟಿದ, ಮೇಲಿಂದ ಮೇಲೆ ಅಳೆಯಬೇಕಾದ ಮಗುವಿಗೆ ಗನ್ ನಡೆಯುತ್ತದೆ. ಮೂರು ತಿಂಗಳೊಳಗಿನ ಕೂಸಿಗೆ ಅದರ ಮಾತು ನಂಬಿ ತೀರ್ಮಾನ ಮಾಡಬೇಡಿ, ಕಂಕುಳಲ್ಲಿ ಅಳೆದೇ ನೋಡಿ.

ಕಿವಿಯದು ಆರು ತಿಂಗಳ ಕೆಳಗೆ ಬೇಡ, ಆ ಕೂಸುಗಳ ಕಿವಿಯ ದಾರಿ ತೀರಾ ಕಿರಿದು. ದೊಡ್ಡ ಮಕ್ಕಳಿಗಾದರೆ ಕಿವಿಯನ್ನು ಮೇಲಕ್ಕೂ ಹಿಂದಕ್ಕೂ ಎಳೆದು ತುದಿಯನ್ನು ಕಿವಿತಮಟೆಯ ಕಡೆಗೆ ತಿರುಗಿಸಬೇಕು. ಗುಗ್ಗೆ ಕಟ್ಟಿದ್ದರೆ ಕಡಿಮೆ ಬರುತ್ತದೆ.

ಆಕ್ಸಿಮೀಟರ್: ಒಳ್ಳೆಯ ಯಂತ್ರ, ತಪ್ಪು ಬೆರಳು

ಬೆರಳಿಗೆ ಸಿಕ್ಕಿಸುವ ಆಕ್ಸಿಮೀಟರ್ ಕೆಂಪು ಮತ್ತು ಇನ್‌ಫ್ರಾರೆಡ್ ಎಂಬ ಎರಡು ಬೆಳಕನ್ನು ಬೆರಳಿನ ಮೂಲಕ ಹಾಯಿಸಿ, ಎದುರಿನ ಕಣ್ಣಿಗೆ, ಅಂದರೆ ಸೆನ್ಸರಿಗೆ, ಎಷ್ಟು ತಲುಪಿತು ಎಂಬುದರಿಂದ ರಕ್ತದಲ್ಲಿರುವ ಆಮ್ಲಜನಕವನ್ನು ಲೆಕ್ಕ ಹಾಕುತ್ತದೆ. ಬೆರಳು ಆ ಸಂದಿಯನ್ನು ಪೂರ್ತಿ ತುಂಬಿರಬೇಕು. ಕೂಸಿನ ಬೆರಳು ತುಂಬುವುದಿಲ್ಲ. ಬೆಳಕು ಬೆರಳಿನ ಪಕ್ಕದಿಂದಲೇ ನುಸುಳಿ ಹೋಗುತ್ತದೆ, ತೆರೆಯ ಮೇಲೆ 84, 97, 79 ಎಂದು ಕುಣಿಯುವ ಅಂಕಿ ಬರುತ್ತದೆ. ಅದನ್ನು ನೋಡಿ ನಡುರಾತ್ರಿ ಆಸ್ಪತ್ರೆಗೆ ಓಡಿಬರುವವರೂ ಇದ್ದಾರೆ, ಅದಕ್ಕಿಂತ ಅಪಾಯವೆಂದರೆ 97 ನೋಡಿ ಪಕ್ಕೆ ಎಳೆಯುವ ಮಗುವನ್ನು ಮನೆಯಲ್ಲೇ ಇಟ್ಟುಕೊಳ್ಳುವವರು.

ದೊಡ್ಡವರ ಕ್ಲಿಪ್ಪನ್ನು ಕೂಸಿಗೆ ಹಾಕಬೇಡಿ. ಕೂಸಿಗೆ ಬೇಕಾದದ್ದು ಅಂಗೈ ಅಥವಾ ಪಾದದ ಸುತ್ತ ಸುತ್ತುವ ಪಟ್ಟಿ ಪ್ರೋಬ್. ಪಾದದ ಹೊರ ಅಂಚಿನಲ್ಲಿ, ಕಿರುಬೆರಳಿನ ಬುಡಕ್ಕೆ ಸ್ವಲ್ಪ ಹಿಂದೆ, ಬೆಳಕಿನ ಚುಕ್ಕಿ ಮೇಲೆ, ಕಣ್ಣು ಅದರ ನೇರ ಕೆಳಗೆ ಬರುವಂತೆ ಸುತ್ತಬೇಕು. ಬಿಗಿಯಾಗಿ ಕಟ್ಟಿದರೆ ಅಂಕಿ ಇಳಿಯುತ್ತದೆ, ಸಡಿಲವಾದರೆ ಕುಣಿಯುತ್ತದೆ. ಅಂಗಾಲಿಗೆ ದೃಷ್ಟಿಯಾಗದಿರಲೆಂದು ಹಚ್ಚಿದ ಕಾಡಿಗೆ ಬೊಟ್ಟು ಸರಿಯಾಗಿ ಆ ಬೆಳಕಿನ ದಾರಿಯಲ್ಲೇ ಬರಬಹುದು, ಮೊದಲು ಒರೆಸಿ. ದೊಡ್ಡ ಮಕ್ಕಳ ಉಗುರಿನಲ್ಲಿ ನೇಲ್ ಪಾಲಿಶ್, ಗಾಢ ಮೆಹಂದಿ ಇದ್ದರೆ ಬಣ್ಣವಿಲ್ಲದ ಬೆರಳು ನೋಡಿ. ಕಾಲು ತಣ್ಣಗಿದ್ದರೆ ಕೈಯಲ್ಲಿ ಹಿಡಿದು ಬೆಚ್ಚಗೆ ಮಾಡಿ. ಕೊಳ್ಳುವಾಗ ಅಂಕಿಯ ಜತೆ ಏರಿಳಿಯುವ ಅಲೆಯನ್ನೂ ತೋರಿಸುವ ಮಾದರಿಯನ್ನೇ ಆರಿಸಿ. ಅಲೆ ಒಂದೇ ಸಮನೆ, ಒಂದೇ ಎತ್ತರದಲ್ಲಿ ಬರುವವರೆಗೆ ಅಂಕಿಯನ್ನು ಓದಲೇಬೇಡಿ. ಇನ್ನೊಂದು ಪರೀಕ್ಷೆ ಇದೆ: ಯಂತ್ರ ತೋರಿಸುವ ನಾಡಿಬಡಿತವೂ ನೀವು ಎಣಿಸಿದ ಬಡಿತವೂ ಹೊಂದಬೇಕು. ಹೊಂದದಿದ್ದರೆ ಆಮ್ಲಜನಕದ ಅಂಕಿಯೂ ಸುಳ್ಳು. ಎರಡು ಅಂಕಿಗಳನ್ನು ಅದಲುಬದಲಾಗಿ ಓದುವುದೂ ಆಗುತ್ತಿರುತ್ತದೆ, ಶೇಕಡಾ ಚಿಹ್ನೆ ಇರುವುದು ಯಾವುದು ಎಂದು ಮೊದಲೇ ನೋಡಿಟ್ಟುಕೊಳ್ಳಿ.

ಸಮತಟ್ಟು ಊರುಗಳಲ್ಲಿ ಆರೋಗ್ಯವಂತ ಮಗುವಿಗೆ 95ರ ಮೇಲೆ ಇರುತ್ತದೆ. ಅಲೆ ಚೆನ್ನಾಗಿದ್ದೂ 90ರಿಂದ 94ರಲ್ಲಿ ನಿಂತರೆ ಡಾಕ್ಟರಿಗೆ ತೋರಿಸಿ, 90ಕ್ಕಿಂತ ಕೆಳಗೆ ಹೋದರೆ ಆಮ್ಲಜನಕ ಬೇಕು. ಕಪ್ಪು ಮೈಬಣ್ಣದವರಲ್ಲಿ ಈ ಯಂತ್ರಗಳು ನಿಜಕ್ಕಿಂತ ಸ್ವಲ್ಪ ಹೆಚ್ಚು ತೋರಿಸುತ್ತವೆ ಎಂಬುದು ಗೊತ್ತಾಗಿರುವ ಸಂಗತಿ, ನಮ್ಮ ಮಕ್ಕಳ ಮಟ್ಟಿಗೆ ಅದು ಮರೆಯುವಂಥದ್ದಲ್ಲ. ರಕ್ತಹೀನತೆಯನ್ನೂ ಇದು ಹೇಳುವುದಿಲ್ಲ. ಹಿಮೋಗ್ಲೋಬಿನ್ ತೀರಾ ಕಡಿಮೆ ಇರುವ ಬಿಳಿಚಿದ ಮಗುವಿಗೂ 99 ಬರುತ್ತದೆ, ಯಾಕೆಂದರೆ ಇರುವಷ್ಟು ಹಿಮೋಗ್ಲೋಬಿನ್ ತುಂಬಿದೆಯೇ ಎಂಬುದಷ್ಟೇ ಅದರ ಲೆಕ್ಕ.

ಇದೇ ಯಂತ್ರ ಆಸ್ಪತ್ರೆಯಲ್ಲಿ ಮಾಡುವ ಒಂದು ಕೆಲಸಕ್ಕೆ ಮಾತ್ರ ಪೂರ್ಣ ಅಂಕ ಕೊಡಬೇಕು. ಹುಟ್ಟಿ 24 ಗಂಟೆಯಾದ ಮೇಲೆ ಬಲಗೈ ಮತ್ತು ಒಂದು ಪಾದದಲ್ಲಿ ಅಳೆದು ಹೋಲಿಸಿದರೆ ಹುಟ್ಟಿನಿಂದಲೇ ಬಂದ ಗಂಭೀರ ಹೃದ್ರೋಗದ ಸುಳಿವು ಸಿಗುತ್ತದೆ. ಎಲ್ಲಾದರೂ 90ಕ್ಕಿಂತ ಕಡಿಮೆ ಬಂದರೆ ಮುಂದಿನ ಪರೀಕ್ಷೆ ಬೇಕೇ ಬೇಕು, ಎರಡೂ ಕಡೆ 95ಕ್ಕಿಂತ ಕಡಿಮೆ ಅಥವಾ ಕೈಕಾಲಿನ ನಡುವೆ ಶೇಕಡಾ 3ಕ್ಕಿಂತ ಹೆಚ್ಚು ಅಂತರ ಇದ್ದರೆ ಒಂದು ಗಂಟೆ ಬಿಟ್ಟು ಮತ್ತೆ ಅಳೆಯುತ್ತಾರೆ. ಹೆರಿಗೆಯಾಗಿ ಮನೆಗೆ ಹೊರಡುವ ಮುನ್ನ 'ಮಗುವಿಗೆ ಕೈ ಕಾಲಿನ ಆಕ್ಸಿಜನ್ ನೋಡಿದ್ರಾ ಸಿಸ್ಟರ್?' ಅಂತ ಕೇಳಿ.

ನಾಡಿ ಎಣಿಸಲು ಪ್ರತ್ಯೇಕ ಯಂತ್ರ ಬೇಡ. ಕೂಸಿನ ಮಣಿಕಟ್ಟಿನಲ್ಲಿ ಸಿಗುವುದು ಕಷ್ಟ, ಮೊಣಕೈಗಿಂತ ಮೇಲೆ ತೋಳಿನ ಒಳಬದಿಯಲ್ಲಿ ಎರಡು ಬೆರಳು ಮೆಲ್ಲಗಿಟ್ಟರೆ ಸಿಗುತ್ತದೆ. ಎಚ್ಚರವಿರುವಾಗ ಒಂದು ವರ್ಷದೊಳಗಿನ ಕೂಸಿಗೆ ನಿಮಿಷಕ್ಕೆ 100ರಿಂದ 180, ಶಾಲೆಗೆ ಹೋಗುವ ವಯಸ್ಸಿಗೆ 75ರಿಂದ 118 ಸಹಜ. ಒಂದು ಡಿಗ್ರಿ ಸೆಲ್ಸಿಯಸ್ ಜ್ವರ ಏರಿದರೆ ಬಡಿತ ಸುಮಾರು ಹತ್ತು ಏರುತ್ತದೆ. ಮಗು ಶಾಂತವಾಗಿದ್ದು, ಜ್ವರ ಇಳಿದಿದ್ದೂ ಬಡಿತ ಇಳಿಯದಿದ್ದರೆ ಅದು ಕಾರಣ ಹುಡುಕಬೇಕಾದ ಅಂಕಿ. ಜತೆಗೇ ಇನ್ನೊಂದನ್ನು ನೋಡಿ: ಎದೆಯ ನಡುಮೂಳೆಯ ಮೇಲೆ ಬೆರಳಿನಿಂದ ಐದು ಸೆಕೆಂಡ್ ಒತ್ತಿ ಬಿಡಿ. ಬಿಳಿಚಿದ ಜಾಗಕ್ಕೆ ಎರಡು ಸೆಕೆಂಡಿನೊಳಗೆ ಬಣ್ಣ ಮರಳಬೇಕು. ಮೂರು ದಾಟಿದರೆ ರಕ್ತ ಸಂಚಾರ ಸೋಲುತ್ತಿದೆ.

ತೂಕದ ಯಂತ್ರ

ಕೂಸಿನ ತೂಕದ ಯಂತ್ರ ಕೊಳ್ಳುವಾಗ ಒಂದೇ ಪ್ರಶ್ನೆ: ಕನಿಷ್ಠ ಎಷ್ಟು ಗ್ರಾಂ ವ್ಯತ್ಯಾಸವನ್ನು ತೋರಿಸುತ್ತದೆ? 5 ಅಥವಾ 10 ಗ್ರಾಂ ಇರಬೇಕು. ಮೊದಲ ಮೂರು ತಿಂಗಳಲ್ಲಿ ಕೂಸು ದಿನಕ್ಕೆ 20ರಿಂದ 30 ಗ್ರಾಂ ಏರುತ್ತದೆ. ಅಮ್ಮ ಕೂಸನ್ನೆತ್ತಿಕೊಂಡು ನಿಂತು, ಆಮೇಲೆ ಒಬ್ಬಳೇ ನಿಂತು, ಕಳೆದು ಲೆಕ್ಕ ಹಾಕುವ ದೊಡ್ಡವರ ಯಂತ್ರ 100 ಗ್ರಾಂಗೊಂದು ಮೆಟ್ಟಿಲು ತೋರಿಸುವಂಥದ್ದು. ನಾಲ್ಕು ದಿನದ ಏರಿಕೆ ಆ ಒಂದು ಮೆಟ್ಟಿಲಲ್ಲೇ ಮುಚ್ಚಿಹೋಗುತ್ತದೆ. ಒಂದು ವರ್ಷದ ಮಗುವಿಗೆ ಆ ವಿಧಾನ ಪರವಾಗಿಲ್ಲ, ಇಪ್ಪತ್ತು ದಿನದ ಕೂಸಿಗೆ ಅಲ್ಲ.

ತಂದ ದಿನವೇ ಪರೀಕ್ಷಿಸಿ. ಗಟ್ಟಿ, ಮಟ್ಟಸ ನೆಲದ ಮೇಲಿಟ್ಟು ಸೊನ್ನೆ ತೋರಿಸಿದ ಮೇಲೆ ಒಂದು ಕಿಲೋ ಉಪ್ಪಿನ ಪ್ಯಾಕೆಟ್ಟನ್ನು ನಡುವೆ, ಆಮೇಲೆ ನಾಲ್ಕೂ ಮೂಲೆಗೆ ಇಟ್ಟು ನೋಡಿ. ಕವರಿನ ತೂಕ ಸೇರಿ ಒಂದು ಕಿಲೋಗಿಂತ ತುಸು ಹೆಚ್ಚು ಬರಬೇಕು, ಮೂಲೆಗೊಂದು ಅಂಕಿ ಬರಬಾರದು. ಜಮಖಾನೆ, ಹಾಸಿಗೆಯ ಮೇಲೆ ಇಟ್ಟರೆ ತೂಕ ತಪ್ಪುತ್ತದೆ. ಒದ್ದೆ ಡೈಪರ್ ನೂರು ಗ್ರಾಂ ಸುಲಭವಾಗಿ ಸೇರಿಸುತ್ತದೆ, ಕಾಲ್ಗಡಗ ಬಳೆಗಳೂ ಅಷ್ಟಿಷ್ಟು. ಎಲ್ಲ ತೆಗೆದು, ಅದೇ ಹೊತ್ತಿಗೆ, ಹಾಲು ಕುಡಿಸುವ ಮುಂಚೆ ತೂಗಿ. ದಿನಾ ತೂಗಬೇಡಿ, ಒಂದು ಮಲವಿಸರ್ಜನೆಗೇ ಅಂಕಿ ಇಳಿದು ಮನೆಯವರೆಲ್ಲ ಬಾಣಂತಿಯ ಹಾಲಿನ ಮೇಲೆ ಗೂಬೆ ಕೂರಿಸುತ್ತಾರೆ. ವಾರಕ್ಕೊಮ್ಮೆ ಸಾಕು. ಹುಟ್ಟಿದ ಮೊದಲ ದಿನಗಳಲ್ಲಿ ತೂಕ ಇಳಿಯುವುದು ಸಹಜ, ಶೇಕಡಾ 10 ಮೀರಬಾರದು, ಎರಡು ವಾರದೊಳಗೆ ಹುಟ್ಟಿದ ತೂಕಕ್ಕೆ ಮರಳಬೇಕು.

ನಮ್ಮನ್ನು ಕೇಳಿದರೆ, ಹೆಚ್ಚಿನ ಮನೆಗಳು ಇದನ್ನು ಕೊಳ್ಳಬೇಕಾಗಿಲ್ಲ. ಆಸ್ಪತ್ರೆಯಲ್ಲಿ ಹುಟ್ಟಿದ ಕೂಸನ್ನು ನೋಡಲು ಆಶಾ ಕಾರ್ಯಕರ್ತೆ 3, 7, 14, 21, 28, 42ನೇ ದಿನಗಳಲ್ಲಿ ಮನೆಗೇ ಬರಬೇಕೆಂಬ ಕಾರ್ಯಕ್ರಮವಿದೆ, ತೂಕದ ಯಂತ್ರ, ಥರ್ಮಾಮೀಟರ್ ಎರಡೂ ಅವರ ಕಿಟ್ಟಿನಲ್ಲಿರುತ್ತವೆ. ಆಮೇಲೆ ಅಂಗನವಾಡಿಯಿದೆ. ಅವಧಿಗೆ ಮುಂಚೆ ಹುಟ್ಟಿದ, ಎರಡೂವರೆ ಕಿಲೋಗಿಂತ ಕಡಿಮೆಯಿದ್ದ ಕೂಸುಗಳ ಮನೆಗೆ ಮಾತ್ರ ಯಂತ್ರ ಸಾರ್ಥಕ.

ತೂಕ ಸರಿಯಿರಬೇಕಾದ್ದು ಬೆಳವಣಿಗೆಯ ಗೆರೆಗೆ ಮಾತ್ರವಲ್ಲ, ಔಷಧಿಯ ಲೆಕ್ಕಕ್ಕೂ. ಪ್ಯಾರಾಸಿಟಮಾಲ್ ಒಂದು ಸಲಕ್ಕೆ ಕಿಲೋಗೆ 10ರಿಂದ 15 ಮಿಲಿಗ್ರಾಂ. ಎಂಟು ಕಿಲೋ ಮಗುವಿಗೆ ಹೆಚ್ಚೆಂದರೆ 120 ಮಿಲಿಗ್ರಾಂ. ಅದು 5 ಮಿ.ಲೀ.ಗೆ 120 ಮಿಲಿಗ್ರಾಂ ಇರುವ ಸಿರಪ್ಪಿನಲ್ಲಿ 5 ಮಿ.ಲೀ., 5 ಮಿ.ಲೀ.ಗೆ 250 ಇರುವುದರಲ್ಲಿ 2.4 ಮಿ.ಲೀ., 1 ಮಿ.ಲೀ.ಗೆ 100 ಇರುವ ಡ್ರಾಪ್ಸಿನಲ್ಲಿ ಬರೀ 1.2 ಮಿ.ಲೀ. ಸಿರಪ್ ಮುಗಿಯಿತೆಂದು ಡ್ರಾಪ್ಸ್ ತಂದು ಅದೇ 5 ಮಿ.ಲೀ. ಕುಡಿಸಿದರೆ ನಾಲ್ಕು ಪಟ್ಟಿಗೂ ಹೆಚ್ಚು. ಬಾಟಲಿಯ ಮೇಲಿನ ಅಂಕಿ ಓದದೆ ಮುಚ್ಚಳ ತೆಗೆಯಬೇಡಿ.

ಟೇಪುಗಳು ಮತ್ತು ಬಿಪಿ ಯಂತ್ರ

ತಲೆಯ ಸುತ್ತಳತೆಗೆ ಟೈಲರ್ ಟೇಪು ಬೇಡ, ಹಳೆಯದಾದಂತೆ ಹಿಗ್ಗುತ್ತದೆ. ಹಿಗ್ಗದ ಟೇಪನ್ನು ಹುಬ್ಬಿನ ಮೇಲ್ಗಡೆಯಿಂದ ತಲೆಯ ಹಿಂಬದಿಯ ಉಬ್ಬಿನ ಮೇಲೆ ಸುತ್ತಿ, ಮೂರು ಸಲ ಅಳೆದು ದೊಡ್ಡದನ್ನು ಬರೆಯಿರಿ. ಎರಡು ವರ್ಷದವರೆಗೆ ಉದ್ದವನ್ನು ಮಲಗಿಸಿಯೇ ಅಳೆಯಬೇಕು, ಒಬ್ಬರು ತಲೆ, ಇನ್ನೊಬ್ಬರು ಮಂಡಿ ಹಿಡಿಯಬೇಕು. ನಿಲ್ಲಿಸಿ ಅಳೆದರೆ ಸುಮಾರು 0.7 ಸೆಂ.ಮೀ. ಕಡಿಮೆ ಬರುತ್ತದೆ, 'ಮಗು ಬೆಳೆದೇ ಇಲ್ಲ' ಎಂಬ ಚಿಂತೆಗೆ ಎಷ್ಟೋ ಸಲ ಇದೇ ಕಾರಣ. ಆರು ತಿಂಗಳಿಂದ ಐದು ವರ್ಷದೊಳಗಿನ ಮಕ್ಕಳ ಎಡತೋಳಿನ ನಡುವೆ ಸುತ್ತುವ ಮೂರು ಬಣ್ಣದ ಪಟ್ಟಿಯಂತೂ ಬೆಲೆಗೆ ಹೋಲಿಸಿದರೆ ಅದ್ಭುತ: 11.5 ಸೆಂ.ಮೀ.ಗಿಂತ ಕಡಿಮೆ ಬಂದರೆ ಕೆಂಪು, ತೀವ್ರ ಅಪೌಷ್ಟಿಕತೆ. 12.5ರವರೆಗೆ ಹಳದಿ, ಅದರ ಮೇಲೆ ಹಸಿರು. ಅಂಗನವಾಡಿಯಲ್ಲೇ ಅಳೆಸಿಕೊಳ್ಳಿ.

ಅಜ್ಜನ ಬಿಪಿ ಯಂತ್ರವನ್ನು ಮೊಮ್ಮಗನಿಗೆ ಕಟ್ಟಬೇಡಿ. ಗಾಳಿಚೀಲದ ಅಗಲ ತೋಳಿನ ಸುತ್ತಳತೆಯ ಶೇಕಡಾ 40ರಷ್ಟಾದರೂ, ಉದ್ದ ಶೇಕಡಾ 80ರಿಂದ 100ರಷ್ಟು ಇರಬೇಕು. ತೋಳು 16 ಸೆಂ.ಮೀ. ಇದ್ದರೆ ಅಗಲ ಸುಮಾರು 6.5 ಸೆಂ.ಮೀ. ಪಟ್ಟಿ ದೊಡ್ಡದಾದರೆ ಬಿಪಿ ಕಡಿಮೆ, ಸಣ್ಣದಾದರೆ ಹೆಚ್ಚು ತೋರಿಸುತ್ತದೆ. ಮೂರು ವರ್ಷದ ಮೇಲೆ ವರ್ಷಕ್ಕೊಮ್ಮೆ ಡಾಕ್ಟರ ಬಳಿ, ಐದು ನಿಮಿಷ ಕೂರಿಸಿ, ಬಲತೋಳಿನಲ್ಲಿ ನೋಡಿಸಿದರೆ ಸಾಕು. ಕಿಡ್ನಿ ತೊಂದರೆಗೆ ಔಷಧಿಯಲ್ಲಿರುವ ಮಕ್ಕಳಿಗೆ ಮನೆಯಲ್ಲಿ ಯಂತ್ರ ಬೇಕಾಗಬಹುದು, ಆಗಲೂ ಪಟ್ಟಿಯ ಅಳತೆಯನ್ನು ಡಾಕ್ಟರೇ ಬರೆದುಕೊಡಲಿ.

ಸ್ಮಾರ್ಟ್ ಕಾಲುಚೀಲ ಬೇಡ. ಮಲಗಿದ ಕೂಸಿನ ಹಠಾತ್ ಸಾವನ್ನು ಇಂಥವು ತಡೆಯುತ್ತವೆ ಎಂದು ನಂಬಿ ಬಳಸಬೇಡಿ ಎಂದು ಅಮೆರಿಕದ ಮಕ್ಕಳ ವೈದ್ಯರ ಅಕಾಡೆಮಿಯೇ ಹೇಳುತ್ತದೆ. ಕೂಸನ್ನು ಅಂಗಾತ ಮಲಗಿಸುವುದು, ಸುತ್ತ ದಿಂಬು ರಗ್ಗು ಇಡದಿರುವುದು, ಮನೆಯೊಳಗೆ ಬೀಡಿ ಸಿಗರೇಟು ಸೇದದಿರುವುದು, ಇವಕ್ಕೆ ಬ್ಯಾಟರಿ ಬೇಡ.

ಕೊಳ್ಳುವಾಗ ಪೆಟ್ಟಿಗೆಯನ್ನು ತಿರುಗಿಸಿ ನೋಡಿ. ಥರ್ಮಾಮೀಟರ್, ಬಿಪಿ ಯಂತ್ರಗಳು 2017ರ ವೈದ್ಯಕೀಯ ಸಾಧನಗಳ ನಿಯಮದಡಿ ಬರುತ್ತವೆ. ಇಲ್ಲೇ ತಯಾರಾದದ್ದಕ್ಕೆ ಎಂಎಫ್‌ಜಿ/ಎಂಡಿ, ಹೊರದೇಶದಿಂದ ತರಿಸಿದ್ದಕ್ಕೆ ಐಎಂಪಿ/ಎಂಡಿ ಎಂದು ಶುರುವಾಗುವ ಲೈಸೆನ್ಸ್ ಸಂಖ್ಯೆ ಇರಬೇಕು. ಇಲ್ಲದಿದ್ದರೆ ಅಗ್ಗವೆಂದು ತರಬೇಡಿ. ಬ್ಯಾಟರಿ ಕೋಣೆಗೆ ಸ್ಕ್ರೂ ಇರುವ ಮಾದರಿಯನ್ನೇ ಆರಿಸಿ. ತೆಗೆದ ಗುಂಡಿ ಬ್ಯಾಟರಿಯನ್ನು ಮೇಜಿನ ಮೇಲೆ ಬಿಡಬೇಡಿ. ಮಗು ನುಂಗಿ ಅದು ಅನ್ನನಾಳದಲ್ಲಿ ಸಿಕ್ಕಿಕೊಂಡರೆ ಎರಡು ಗಂಟೆಯೊಳಗೆ ಸುಟ್ಟ ಗಾಯವಾಗುತ್ತದೆ. ನುಂಗಿರಬಹುದು ಎಂಬ ಅನುಮಾನ ಬಂದರೂ ವಾಂತಿ ಮಾಡಿಸಲು ಹೋಗದೆ, ಬಾಳೆಹಣ್ಣು ತಿನ್ನಿಸಿ ಕೆಳಗಿಳಿಸಲು ನೋಡದೆ, ಎಕ್ಸ್‌ರೇ ಇರುವ ಆಸ್ಪತ್ರೆಗೆ ನೇರ ಕರೆದೊಯ್ಯಿರಿ, ಅದೇ ಬಗೆಯ ಇನ್ನೊಂದು ಬ್ಯಾಟರಿ ಇದ್ದರೆ ಡಾಕ್ಟರಿಗೆ ತೋರಿಸಲು ಜತೆಗೆ ಒಯ್ಯಿರಿ.